ಇಬ್ಬರಿಗೂ ಆಫೀಸು, ಇಬ್ಬರಿಗೂ ಮನೆ: ಬಿಡುವನ್ನು ಸಮ ಮಾಡಿಕೊಳ್ಳುವ ಬಗೆ

ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಕೆಲಸದ ಬಗ್ಗೆ ಜಗಳ ಜೋರಾದಾಗ ಫ್ರಿಜ್ ಬಾಗಿಲಿಗೆ ಒಂದು ಪಟ್ಟಿ ಅಂಟುತ್ತದೆ. ಪಾತ್ರೆ ಇವಳದು, ಬಟ್ಟೆ ಅವನದು, ಕಸ ಬುಧವಾರದ ತನಕ ಇವಳು, ಆಮೇಲೆ ಅವನು. ಎರಡು ವಾರ ಚೆನ್ನಾಗೇ ನಡೆಯುತ್ತದೆ. ಮೂರನೇ ವಾರಕ್ಕೆ ಆ ಹಾಳೆಯ ಖಾಲಿ ಜಾಗದಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿರುತ್ತಾರೆ.

ಪಟ್ಟಿ ಸೋಲುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಅದು ಕೆಲಸಗಳ ತಲೆ ಎಣಿಸುತ್ತದೆ. ತಿಂಗಳಿಗೊಮ್ಮೆ ಕರೆಂಟ್ ಬಿಲ್ ಕಟ್ಟುವುದೂ ಒಂದು ಕೆಲಸ, ದಿನಾ ಬೆಳಿಗ್ಗೆ ಏಳೂವರೆಯೊಳಗೆ ಮೂರು ಡಬ್ಬಿ ಕಟ್ಟುವುದೂ ಒಂದು ಕೆಲಸ. ಇವೆರಡನ್ನೂ ಒಂದೊಂದು ಅಂತ ಬರೆದರೆ ಯಾವ ನ್ಯಾಯ? ನನ್ನನ್ನು ಕೇಳಿದರೆ, ಎಣಿಸಬೇಕಾದದ್ದು ಬಿಡುವನ್ನು. ವಾರದ ಕೊನೆಗೆ ಯಾರಿಗೆ ಎಷ್ಟು ಹೊತ್ತು ಕಾಲು ಚಾಚಿ ಕೂರಲು ಸಿಕ್ಕಿತು, ಅದು ಹೆಚ್ಚು ಕಡಿಮೆ ಒಂದೇ ಇದ್ದರೆ ಯಾರು ಯಾವ ಕೆಲಸ ಮಾಡಿದರೂ ನಡೆಯುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದೇ ಅಳತೆಯ ಮೇಲಿವೆ. ಒಂದೇ ದಿನ ಎಲ್ಲ ಮಾಡಲು ಹೋಗಬೇಡಿ. ಮೊದಲ ಎರಡು ಹೆಜ್ಜೆಯನ್ನು ಮಾತ್ರ ತಪ್ಪಿಸಬೇಡಿ.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಇಬ್ಬರೂ ನಿಮ್ಮ ನಿಮ್ಮ ಫೋನಿನಲ್ಲೇ ಬರೆದುಕೊಳ್ಳಿ. ನಿದ್ದೆ, ಸ್ನಾನ, ಊಟ ಬಿಟ್ಟು ಮೂರೇ ಕಲಂ: ಸಂಬಳದ ಕೆಲಸ, ಮನೆಯ ಕೆಲಸ, ಬಿಡುವು. ಆ ವಾರ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡುವಂತಿಲ್ಲ, ಅದರ ಬಗ್ಗೆ ಮಾತೂ ಆಡುವಂತಿಲ್ಲ. ಹಬ್ಬ ಇರುವ ವಾರ, ನೆಂಟರು ಬರುವ ವಾರ ಬೇಡ. ಸಾದಾ ವಾರ ಆರಿಸಿಕೊಳ್ಳಿ.

ಯಾವುದು ಯಾವ ಕಲಂಗೆ ಅನ್ನುವುದನ್ನು ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಆಫೀಸಿಗೆ ಹೋಗಿಬರುವ ಹೊತ್ತು ಸಂಬಳದ ಕೆಲಸಕ್ಕೆ ಸೇರುತ್ತದೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತ ಒಂದೂವರೆ ಗಂಟೆಯನ್ನು ಯಾರೂ ಬಿಡುವು ಅನ್ನಬಾರದು. (ಮೆಟ್ರೊದಲ್ಲಿ ಸೀಟು ಸಿಕ್ಕಿ, ಕಿವಿಗೆ ಹಾಡು ಹಾಕಿಕೊಂಡು ಬಂದಿದ್ದರೆ ಅರ್ಧರ್ಧ ಮಾಡಿಕೊಳ್ಳಿ, ಅದಕ್ಕೆಲ್ಲ ಜಗಳ ಬೇಡ.) ಕುಕ್ಕರ್ ಇಟ್ಟು ವಿಸಿಲ್ ಎಣಿಸುತ್ತಾ ಫೋನ್ ನೋಡಿದ್ದು ಮನೆಯ ಕೆಲಸ. ಮಗುವಿಗೆ ಊಟ ಮಾಡಿಸುವುದು, ಮಲಗಿಸುವುದು, ಪಾರ್ಕಿನ ಜಾರುಬಂಡೆಯ ಹತ್ತಿರ ಕಾಯುತ್ತಾ ನಿಲ್ಲುವುದು, ಎಲ್ಲವೂ ಮನೆಯ ಕೆಲಸವೇ. ಆಫೀಸಿನಲ್ಲಿ ಕೂತು ಸ್ಕೂಲ್ ವ್ಯಾನಿನವರಿಗೆ ಫೋನ್ ಮಾಡಿದರೆ ಆ ಹತ್ತು ನಿಮಿಷವೂ ಇಲ್ಲಿಗೇ ಬರಬೇಕು.

ದೇಶದ ಲೆಕ್ಕ ಹೇಗಿದೆ ಅಂತ ಕುತೂಹಲ ಇದ್ದರೆ, ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸುತ್ತದೆ. 2019ರಲ್ಲಿ ಮನೆಯ ಕೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88 ಆಯಿತು. ಅಂದರೆ ಐದು ವರ್ಷದಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಇಳಿಯಿತು, ಗಂಡಸರದೂ ಒಂಬತ್ತು ನಿಮಿಷ ಇಳಿಯಿತು! ಅಂತರ ಇದ್ದಲ್ಲೇ ಇದೆ. ಇದು ಮನೆಯಲ್ಲೇ ಇರುವವರನ್ನೂ ಸೇರಿಸಿದ ಸರಾಸರಿ, ಹಾಗಾಗಿ ಇದನ್ನು ಹಿಡಿದು ಗಂಡನ ಮೇಲೆ ಏರಿ ಹೋಗುವುದು ಬೇಡ. ನಿಮ್ಮ ಮನೆಯ ಲೆಕ್ಕ ನಿಮ್ಮ ಫೋನಿನಲ್ಲಿದೆ.

ವಾರ ಮುಗಿದ ಮೇಲೆ ಬಿಡುವಿನ ಕಲಂ ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಅವನದು 20 ಗಂಟೆ, ಅವಳದು 9 ಗಂಟೆ ಅಂತಿಟ್ಟುಕೊಳ್ಳಿ. ಅಂತರ 11 ಗಂಟೆ. ಅದರಲ್ಲಿ ಅರ್ಧ, ಅಂದರೆ ಐದೂವರೆ ಗಂಟೆಯ ಕೆಲಸ ಅವಳ ಕಡೆಯಿಂದ ಅವನ ಕಡೆಗೆ ಹೋದರೆ ಇಬ್ಬರಿಗೂ ಹದಿನಾಲ್ಕೂವರೆ ಗಂಟೆ ಸಿಗುತ್ತದೆ. ದಿನಕ್ಕೆ ಮುಕ್ಕಾಲು ಗಂಟೆಯ ಮಾತು, ಅಷ್ಟೇ. "ನೀವು ಏನೂ ಮಾಡಲ್ಲ" ಅನ್ನುವ ಮಾತಿಗಿಂತ "ವಾರಕ್ಕೆ ಐದೂವರೆ ಗಂಟೆ" ಅನ್ನುವುದನ್ನು ಕೇಳಿಸಿಕೊಳ್ಳುವುದು ಸುಲಭ. ಕೆಲವು ಮನೆಗಳಲ್ಲಿ ಲೆಕ್ಕ ತಿರುವುಮುರುವಾಗಿಯೂ ಬರುತ್ತದೆ. ನೈಟ್ ಶಿಫ್ಟ್ ಮಾಡಿ, ಹಗಲು ಮಗುವನ್ನೂ ನೋಡಿಕೊಳ್ಳುವ ಗಂಡಂದಿರಿದ್ದಾರೆ. ಆಗ ಕೆಲಸ ಆ ಕಡೆಯಿಂದ ಈ ಕಡೆಗೆ ಬರಬೇಕು. ಅಳತೆ ಇಬ್ಬರಿಗೂ ಒಂದೇ.

ಹೆಜ್ಜೆ 2: ಕಣ್ಣಿಗೆ ಕಾಣದ ಕೆಲಸವನ್ನು ಕಾಗದಕ್ಕೆ ತನ್ನಿ

ಭಾನುವಾರದ ದೋಸೆಯನ್ನೇ ತೆಗೆದುಕೊಳ್ಳಿ. "ಭಾನುವಾರ ದೋಸೆ ನಾನೇ ಹುಯ್ಯೋದು" ಅಂತ ಹೆಮ್ಮೆಯಿಂದ ಹೇಳುವ ಗಂಡಂದಿರು ಈಗ ಬೇಕಾದಷ್ಟಿದ್ದಾರೆ. ಒಳ್ಳೆಯದೇ. ಆದರೆ ಕಾವಲಿ ಒಲೆಯ ಮೇಲೆ ಹೋಗುವ ಮುಂಚೆ ಏನೇನು ಆಗಿರಬೇಕು ನೋಡಿ.

ಉದ್ದಿನಬೇಳೆ ಡಬ್ಬಿಯ ತಳ ಕಾಣುತ್ತಿದೆ ಅನ್ನುವುದು ಯಾರದೋ ಕಣ್ಣಿಗೆ ಗುರುವಾರವೇ ಬಿದ್ದಿರಬೇಕು. ಶುಕ್ರವಾರ ಅದು ಸಾಮಾನಿನ ಪಟ್ಟಿಗೆ ಸೇರಿರಬೇಕು. ಶನಿವಾರ ಮಧ್ಯಾಹ್ನ ಹೊರಗೆ ಹೋಗುವ ಮುಂಚೆ ಅಕ್ಕಿ, ಬೇಳೆ, ಒಂದಿಷ್ಟು ಮೆಂತ್ಯ ನೆನೆಹಾಕಿರಬೇಕು. ಐದಾರು ಗಂಟೆ ನೆಂದ ಮೇಲೆ, ಅಂದರೆ ಎಲ್ಲರೂ ಟೀವಿ ಮುಂದೆ ಕೂತಿರುವ ಹೊತ್ತಿಗೆ, ಎದ್ದು ಹೋಗಿ ರುಬ್ಬಬೇಕು. ಗ್ರೈಂಡರ್ ತೊಳೆಯಬೇಕು (ದೋಸೆಯ ಬಗ್ಗೆ ಮಾತಾಡುವವರು ಗ್ರೈಂಡರ್ ತೊಳೆಯುವುದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ). ಡಿಸೆಂಬರ್ ಚಳಿಯಾದರೆ ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿ ಇಡಬೇಕು, ಏಪ್ರಿಲ್ ಆದರೆ ಉಕ್ಕಿ ಕಟ್ಟೆಗೆ ಹರಿಯದಂತೆ ದೊಡ್ಡ ಪಾತ್ರೆಗೆ ಹಾಕಬೇಕು. ಬೆಳಿಗ್ಗೆ ಚಟ್ನಿಗೆ ಕಾಯಿ ಇದೆಯಾ ಅಂತ ರಾತ್ರಿಯೇ ನೋಡಿರಬೇಕು. ಕೊನೆಗೆ ದೋಸೆ ಹುಯ್ಯುವವರು ಬರುತ್ತಾರೆ, ಹೊಗಳಿಕೆಯೂ ಅವರಿಗೇ ಹೋಗುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮನೆಯ ಈ ತಲೆಕೆಲಸವನ್ನು ನಾಲ್ಕು ಭಾಗ ಮಾಡಿದ್ದಾರೆ: ಮುಂದೆ ಏನು ಬೇಕಾಗುತ್ತೆ ಅಂತ ಮೊದಲೇ ಊಹಿಸುವುದು, ಅದಕ್ಕೆ ಇರುವ ದಾರಿಗಳನ್ನು ಹುಡುಕುವುದು, ಒಂದನ್ನು ತೀರ್ಮಾನಿಸುವುದು, ಆಮೇಲೆ ಅದು ಆಯಿತಾ ಅಂತ ನಿಗಾ ಇಡುವುದು. ಅವರು ಮಾತಾಡಿಸಿದ ಜೋಡಿಗಳಲ್ಲಿ ತೀರ್ಮಾನವನ್ನು ಹೆಚ್ಚಾಗಿ ಇಬ್ಬರೂ ಸೇರಿಯೇ ಮಾಡುತ್ತಿದ್ದರು. ಮೊದಲೇ ಊಹಿಸುವುದು ಮತ್ತು ಕೊನೆಯಲ್ಲಿ ನಿಗಾ ಇಡುವುದು ಹೆಂಗಸರ ತಲೆಗೇ ಜಾಸ್ತಿ ಬೀಳುತ್ತಿತ್ತು. ಓದಿದರೆ ನಮ್ಮ ಪಕ್ಕದ ಮನೆಯ ವರದಿಯ ಹಾಗೇ ಇದೆ, ಅಲ್ವಾ?

ಇನ್ನು ನೀವು ಮಾಡಬೇಕಾದದ್ದು. ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಪ್ರತಿ ಕೆಲಸಕ್ಕೂ ಒಂದೊಂದು ಸಾಲು ಬರೆಯಿರಿ. ಪಕ್ಕದಲ್ಲಿ ಮೂರು ಪ್ರಶ್ನೆ: ಇದನ್ನು ನೆನಪಿಟ್ಟುಕೊಳ್ಳುವವರು ಯಾರು? ಮಾಡುವವರು ಯಾರು? ಆಯಿತಾ ಅಂತ ನೋಡುವವರು ಯಾರು? ಸಿಲಿಂಡರ್ ಬುಕಿಂಗ್, ಮಗುವಿನ ಲಸಿಕೆ ಚೀಟಿ, ಶಾಲೆಯ ಫೀಸಿನ ಕೊನೆಯ ದಿನ, ಏಪ್ರಿಲ್‌ನಲ್ಲಿ ಮನೆ ಕಂದಾಯ, ಮಾವನವರ ಬಿಪಿ ಮಾತ್ರೆ, ಕುಡಿಯುವ ನೀರಿನ ಫಿಲ್ಟರ್ ಸರ್ವಿಸ್, ಹಸಿ ಕಸ ಯಾವ ಬಕೆಟ್ಟು, ಒಣ ಕಸ ಯಾವ ದಿನ, ನಾಳಿದ್ದಿನ ಗೃಹಪ್ರವೇಶಕ್ಕೆ ಏನು ಉಡುಗೊರೆ. ಬರೆದು ಮುಗಿಸಿದಾಗ ಎರಡನೇ ಪ್ರಶ್ನೆಗೆ ಇಬ್ಬರ ಹೆಸರೂ ಇರುತ್ತದೆ. ಮೊದಲ ಮತ್ತು ಮೂರನೇ ಪ್ರಶ್ನೆಗೆ ಒಬ್ಬರದೇ ಹೆಸರು ಸಾಲಾಗಿ ಬಂದಿದ್ದರೆ, "ಇಷ್ಟೆಲ್ಲ ಮಾಡಿಕೊಟ್ಟರೂ ಇವಳಿಗೆ ಯಾಕೆ ಸುಸ್ತು" ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಹೆಜ್ಜೆ 3: ಕೆಲಸವನ್ನು ತುಂಡು ಮಾಡದೆ ಪೂರ್ತಿ ಕೊಡಿ

ಈ ಸಂಭಾಷಣೆ ನಿಮ್ಮ ಮನೆಯಲ್ಲೂ ಆಗಿರಬಹುದು.

"ರೀ, ಸಿಲಿಂಡರ್ ಬುಕ್ ಮಾಡಿದ್ರಾ?"

"ನೀನು ಹೇಳಲೇ ಇಲ್ವಲ್ಲ!"

"ಹೇಳ್ಬೇಕಾ? ಖಾಲಿ ಆಗಿರೋದು ಕಾಣಲ್ವಾ?"

ಇಬ್ಬರದೂ ಒಂದು ರೀತಿಯಲ್ಲಿ ಸರಿ. ಅವರಿಗೆ ಬುಕ್ ಮಾಡುವ ಕೆಲಸ ಮಾತ್ರ ಬಂದಿದೆ, ನೆನಪಿಡುವ ಕೆಲಸ ಇನ್ನೂ ಇವಳ ಹತ್ತಿರವೇ ಇದೆ. ಗ್ಯಾಸ್ ಅಂದರೆ ಗ್ಯಾಸ್ ಪೂರ್ತಿ ಅವರದೇ ಆಗಬೇಕು. ಯಾವಾಗ ಹೊಸದು ಹಚ್ಚಿದ್ದು, ಯಾವಾಗ ಬುಕ್ ಮಾಡಬೇಕು, ಡೆಲಿವರಿಯವರು ಬಂದಾಗ ಮನೆಯಲ್ಲಿ ಯಾರಿರಬೇಕು, ರೆಗ್ಯುಲೇಟರ್ ವಾಸನೆ ಬಂದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ. ಇನ್ನೊಬ್ಬರು ಅದನ್ನು ತಲೆಯಿಂದ ಪೂರ್ತಿ ತೆಗೆದುಹಾಕಬೇಕು.

ಹಂಚುವಾಗ ಒಂದು ಉಪಾಯ. ಕೆಲಸಗಳನ್ನು ಎರಡು ಗುಂಪು ಮಾಡಿ. ಹೊತ್ತಿಗೆ ಸರಿಯಾಗಿ ದಿನಾ ಆಗಲೇಬೇಕಾದವು ಒಂದು ಗುಂಪು: ತಿಂಡಿ, ಡಬ್ಬಿ, ಮಗುವನ್ನು ಎಬ್ಬಿಸಿ ವ್ಯಾನ್ ಹತ್ತಿಸುವುದು, ರಾತ್ರಿ ಅಡುಗೆ, ಕಸದ ಗಾಡಿ. ನಾಳೆಗೆ ಹಾಕಿದರೂ ಮನೆ ಬೀಳದವು ಇನ್ನೊಂದು: ಕಾರ್ ಸರ್ವಿಸ್, ಬಲ್ಬು, ಬ್ಯಾಂಕು, ತೆರಿಗೆ, ವಿಮೆ. ಬಹಳ ಮನೆಗಳಲ್ಲಿ ಮೊದಲನೆಯ ಗುಂಪು ಪೂರ್ತಿ ಹೆಂಡತಿಗೆ, ಎರಡನೆಯದು ಪೂರ್ತಿ ಗಂಡನಿಗೆ ಹೋಗಿರುತ್ತದೆ, ಆಮೇಲೆ "ಇಬ್ಬರೂ ಮಾಡ್ತೀವಲ್ಲ" ಅನ್ನುವ ಮಾತೂ ಬರುತ್ತದೆ. ಆಫೀಸಿನಲ್ಲಿ ಸಂಜೆ ಆರಕ್ಕೆ ಮೀಟಿಂಗ್ ಇಟ್ಟರೆ ಮೊದಲ ಗುಂಪಿನವರು ಎದ್ದು ಓಡಬೇಕು, ಎರಡನೇ ಗುಂಪಿನವರು ಕೂತಿರಬಹುದು. ಪ್ರಮೋಷನ್ ಸಮಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಗಾಗಿ ಎರಡೂ ಗುಂಪಿನಿಂದ ಇಬ್ಬರಿಗೂ ಬರಲಿ. ಒಂದೋ ಬೆಳಗಿನದು ಒಬ್ಬರಿಗೆ, ರಾತ್ರಿಯದು ಇನ್ನೊಬ್ಬರಿಗೆ. ಇಲ್ಲವೇ ವಾರದಲ್ಲಿ ದಿನ ಹಂಚಿಕೊಳ್ಳಿ: ನಿನ್ನ ದಿನಗಳಲ್ಲಿ ನಾನು ಎಷ್ಟು ಹೊತ್ತಿಗಾದರೂ ಬರಬಹುದು, ನನ್ನ ದಿನಗಳಲ್ಲಿ ನೀನು.

ಕೊಡುವ ಮುಂಚೆ "ಇಷ್ಟಾದರೆ ಆಯಿತು" ಅನ್ನುವ ಮಟ್ಟವನ್ನು ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳಿ. ಪಾತ್ರೆ ತೊಳೆಯುವುದು ಅಂದರೆ ಪಾತ್ರೆ ಮಾತ್ರವಾ, ಸಿಂಕಿನ ಜಾಲರಿಯ ಕಸ ತೆಗೆದು, ಕಟ್ಟೆ ಒರೆಸಿ, ಸ್ಟವ್ ಉಜ್ಜುವುದೂ ಸೇರಿತಾ? ಮೊದಲೇ ಮಾತಾಡಿದರೆ ಇದು ಎರಡು ನಿಮಿಷದ ವಿಷಯ. ರಾತ್ರಿ ಹತ್ತೂವರೆಗೆ ಮಾತಾಡಿದರೆ ಅವರಮ್ಮ ಇವರಮ್ಮನ ತನಕ ಹೋಗುತ್ತದೆ.

ಕೊಟ್ಟ ಮೇಲೆ ಬಾಯಿಗೆ ಬೀಗ. ಈರುಳ್ಳಿ ದಪ್ಪ ಹೆಚ್ಚಿದರು, ಒಗ್ಗರಣೆಗೆ ಸಾಸಿವೆ ಸಿಡಿಯುವ ಮುಂಚೆಯೇ ಕರಿಬೇವು ಹಾಕಿದರು, ಮಗುವಿಗೆ ಹಳದಿ ಅಂಗಿಗೆ ಹಸಿರು ಚಡ್ಡಿ ಹಾಕಿದರು. ಹಾಕಲಿ ಬಿಡಿ. ಎರಡು ದಿನ ಹಿಂದೆ ನಿಂತು ತಿದ್ದಿದರೆ ಮೂರನೇ ದಿನ "ನಿನಗೆ ಬೇಕಾದ ಹಾಗೆ ನೀನೇ ಮಾಡ್ಕೋ" ಅನ್ನುವ ಮಾತು ಬರುತ್ತದೆ, ಕೆಲಸವೂ ವಾಪಸು ಬರುತ್ತದೆ. ಅದೇ ಹೊತ್ತಿಗೆ, ಬೇಕೆಂದೇ ಕೆಡಿಸಿ ತಪ್ಪಿಸಿಕೊಳ್ಳುವ ಜಾಣತನವೂ ಇದೆ. ಆಫೀಸಿನಲ್ಲಿ ಉದ್ದುದ್ದದ ಎಕ್ಸೆಲ್ ಹಾಳೆ ಸಂಭಾಳಿಸುವವರಿಗೆ ವಾಷಿಂಗ್ ಮೆಷಿನ್ನಿನ ಗುಂಡಿ ಎರಡು ತಿಂಗಳಾದರೂ ಅರ್ಥವಾಗುವುದಿಲ್ಲ ಅಂದರೆ ನಂಬುವುದು ಕಷ್ಟ. ಗ್ಯಾಸ್, ನೀರು, ಔಷಧಿ, ಮಗುವಿನ ಸುರಕ್ಷತೆ, ಈ ನಾಲ್ಕರಲ್ಲಿ ಮಾತ್ರ ನೋಡಿಕೊಂಡು ಸುಮ್ಮನಿರಬೇಡಿ.

ಇದರಲ್ಲೇ ಒಂದು ಚಿಕ್ಕ ಬದಲಾವಣೆ: ಶಾಲೆಯ ಅರ್ಜಿಯಲ್ಲಿ, ಮಕ್ಕಳ ಡಾಕ್ಟರ ಕಾರ್ಡಿನಲ್ಲಿ, ವ್ಯಾನಿನವರ ಫೋನಿನಲ್ಲಿ ಮೊದಲ ನಂಬರ್ ಅಪ್ಪನದು ಕೊಡಿ. ತರಗತಿಯ ವಾಟ್ಸ್ಆ್ಯಪ್ ಗುಂಪಿಗೂ ಅಪ್ಪನನ್ನೇ ಸೇರಿಸಿ. "ನಾಳೆ ಹಸಿರು ಬಣ್ಣದ ದಿನ, ಒಂದು ತರಕಾರಿ ಕಳಿಸಿ" ಅನ್ನುವ ಮೆಸೇಜು ರಾತ್ರಿ ಒಂಬತ್ತಕ್ಕೆ ಯಾರ ಫೋನಿಗೆ ಬರುತ್ತದೋ ಅವರೇ ಅಂಗಡಿಗೆ ಓಡುತ್ತಾರೆ.

ಹೆಜ್ಜೆ 4: ಬಿಟ್ಟುಬಿಡಬಹುದಾದ್ದು, ದುಡ್ಡು ಕೊಟ್ಟು ಮಾಡಿಸಬಹುದಾದ್ದು

ಹಂಚುವ ಮುಂಚೆ ಕೆಲಸವನ್ನೇ ಕಡಿಮೆ ಮಾಡಿ. ಬೆಡ್‌ಶೀಟಿಗೆ ಇಸ್ತ್ರಿ ಬೇಕಾ? ರಾತ್ರಿ ಅನ್ನವೂ ಬೇಕು ಚಪಾತಿಯೂ ಬೇಕು ಅನ್ನುವುದು ಯಾರ ಆಸೆ? ಅಂಗಡಿಯ ದೋಸೆ ಹಿಟ್ಟು ತಂದರೆ ಅತ್ತೆಗೆ ಬೇಜಾರಾಗಬಹುದು, ಬಾಕಿ ಯಾವ ನಷ್ಟವೂ ಇಲ್ಲ.

ಮನೆಕೆಲಸಕ್ಕೆ, ಅಡುಗೆಗೆ ಯಾರನ್ನಾದರೂ ಇಟ್ಟುಕೊಂಡರೆ ಅವರ ಸಂಬಳ ಇಬ್ಬರ ದುಡ್ಡಿನಿಂದಲೂ ಹೋಗಲಿ. "ನಿನಗೆ ಸಹಾಯ ಆಗ್ಲಿ ಅಂತ ಇಟ್ಟಿರೋದು, ನೀನೇ ಕೊಡು" ಅಂದರೆ ಮನೆ ಒಬ್ಬಳದೇ ಅಂತ ಒಪ್ಪಿಕೊಂಡ ಹಾಗಾಯಿತು. ಅವರು ಬಾರದ ದಿನ ಯಾರು ಏನು ಮಾಡುವುದು ಅನ್ನುವುದೂ ಮೊದಲೇ ಗೊತ್ತಿರಲಿ, ಬೆಳಿಗ್ಗೆ ಆರಕ್ಕೆ "ಅಕ್ಕಾ ಇವತ್ತು ಬರಲ್ಲ" ಅಂತ ಫೋನ್ ಬಂದ ಮೇಲೆ ತೀರ್ಮಾನಿಸುವ ವಿಷಯ ಅಲ್ಲ ಅದು. ಇನ್ನೊಂದು ಮಾತು. ನಿಮ್ಮಿಬ್ಬರ ನಡುವಿನ ಅನ್ಯಾಯವನ್ನು ಮೂರನೆಯವಳ ತಲೆಗೆ ಕಟ್ಟಬೇಡಿ. ಕರ್ನಾಟಕ 2004ರಲ್ಲೇ ಮನೆಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತು ಮಾಡಿದ ರಾಜ್ಯ. ವಾರಕ್ಕೊಂದು ರಜೆ, ವರ್ಷಕ್ಕೊಮ್ಮೆ ಸಂಬಳ ಏರಿಕೆ, ಹುಷಾರಿಲ್ಲದ ದಿನ ದುಡ್ಡು ಮುರಿಯದಿರುವುದು, ಇಷ್ಟು ಇರಲಿ. ಆಕೆಗೂ ಆಫೀಸು ಇದು, ಆಕೆಗೂ ಮನೆ ಇದೆ.

ಹೆಜ್ಜೆ 5: ದುಡ್ಡನ್ನು ಬಿಡಿಸಿ ಇಡಿ

ಅವನ ಸಂಬಳ 90 ಸಾವಿರ, ಅವಳದು 60 ಸಾವಿರ, ಮನೆಯ ಖರ್ಚು 75 ಸಾವಿರ ಅನ್ನೋಣ. ಅರ್ಧರ್ಧ ಹಾಕಿದರೆ ಒಬ್ಬೊಬ್ಬರಿಗೆ ಮೂವತ್ತೇಳೂವರೆ ಸಾವಿರ. ಅವನ ಕೈಯಲ್ಲಿ ಐವತ್ತೆರಡೂವರೆ ಉಳಿಯುತ್ತದೆ, ಅವಳ ಕೈಯಲ್ಲಿ ಇಪ್ಪತ್ತೆರಡೂವರೆ. ಸಮಪಾಲು ಅನ್ನಿಸಿದರೂ ಸಮ ಅಲ್ಲ. ಸಂಬಳಕ್ಕೆ ತಕ್ಕ ಹಾಗೆ ಹಾಕಿದರೆ ಅವನು 45, ಅವಳು 30. ಇದು ಪರವಾಗಿಲ್ಲ. ನನಗೆ ಹಿಡಿಸುವುದು ಮೂರನೆಯ ದಾರಿ: ಎರಡೂ ಸಂಬಳ ಒಂದು ಜಂಟಿ ಖಾತೆಗೆ ಬರಲಿ. ಖರ್ಚಿಗೆ 75, ಉಳಿತಾಯಕ್ಕೆ ಇಬ್ಬರ ಹೆಸರಲ್ಲೂ ಸೇರಿ 45, ಮಿಕ್ಕ 30ರಲ್ಲಿ ಒಬ್ಬೊಬ್ಬರ ಸ್ವಂತ ಖಾತೆಗೆ 15 ಸಾವಿರ. ಆ ಹದಿನೈದನ್ನು ಅವನು ಬೈಕಿಗೆ ಹಾಕಲಿ, ಅವಳು ತಂಗಿಗೆ ಕಳಿಸಲಿ, ಯಾರೂ ಕೇಳುವಂತಿಲ್ಲ. ಎರಡೂ ಕಡೆಯ ಅಪ್ಪ-ಅಮ್ಮನಿಗೆ ಕೊಡುವ ದುಡ್ಡು ಮನೆಯ ಖರ್ಚಿನಲ್ಲೇ ಸೇರಬೇಕು. ಅವನ ಅಮ್ಮನ ಔಷಧಿ ಸಂಸಾರದ ಖರ್ಚು, ಅವಳ ಅಮ್ಮನ ಔಷಧಿ ಅವಳ ಖರ್ಚು ಅನ್ನುವ ಲೆಕ್ಕ ಇನ್ನೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ.

ದುಡ್ಡಿನ ವಿಷಯದಲ್ಲಿ ಬಹಳ ಕೇಳಿಬರುವ ಮಾತು: "ಡೇಕೇರ್‌ಗೂ ಓಡಾಟಕ್ಕೂ ನಿನ್ನ ಸಂಬಳವೇ ಹೋಗುತ್ತೆ, ಕೆಲಸ ಬಿಟ್ಟುಬಿಡು." ಮೊದಲನೆಯದಾಗಿ, ಡೇಕೇರ್ ಖರ್ಚನ್ನು ಅಮ್ಮನ ಸಂಬಳದಿಂದ ಮಾತ್ರ ಕಳೆಯುವುದು ಯಾಕೆ? ಮಗು ಇಬ್ಬರದು. ಎರಡನೆಯದಾಗಿ, ಕೆಲಸ ಬಿಟ್ಟರೆ ಹೋಗುವುದು ತಿಂಗಳ ಸಂಬಳ ಒಂದೇ ಅಲ್ಲ. ಖಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗಬೇಕಾದರೆ ಒಂದೇ ಕಡೆ ಐದು ವರ್ಷ ಸತತ ಸೇವೆ ಆಗಿರಬೇಕು. ನಾಲ್ಕು ವರ್ಷಕ್ಕೆ ಬಿಟ್ಟರೆ ಆ ದುಡ್ಡು ಹೋಯಿತು. ಹೆರಿಗೆ ರಜೆಯ 26 ವಾರ ಈ ಸೇವೆಯಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಗೊತ್ತಿರಲಿ. ಪಿಎಫ್ ಜೊತೆಗಿರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಐದು ವರ್ಷ ತುಂಬದೆ ಪಿಎಫ್ ದುಡ್ಡು ತೆಗೆದರೆ ಅದಕ್ಕೆ ತೆರಿಗೆಯೂ ಬೀಳಬಹುದು. ಇವುಗಳ ಜೊತೆ ಮುಂದಿನ ಸಂಬಳ ಏರಿಕೆಗಳು ಇವೆ, ಮತ್ತೆ ಕೆಲಸಕ್ಕೆ ಸೇರುವಾಗ ಕೆಳಗಿನ ಮೆಟ್ಟಿಲಿಂದ ಶುರು ಮಾಡುವ ಕಷ್ಟ ಇದೆ. ಇಷ್ಟನ್ನೂ ಬರೆದು ಕೂಡಿಸಿ, ಆಮೇಲೆ ತೀರ್ಮಾನಿಸಿ. ಬಿಡುವುದೇ ಸರಿ ಅನ್ನಿಸಿದರೂ ಸರಿ, ಆದರೆ ಬಿಟ್ಟವರ ಹೆಸರಿಗೆ ಪ್ರತಿ ತಿಂಗಳು ಜಂಟಿ ಖಾತೆಯಿಂದ ಉಳಿತಾಯ ಹೋಗುತ್ತಿರಬೇಕು. ಪಿಪಿಎಫ್ ಆಗಬಹುದು, ಬೇರೆ ಯಾವುದಾದರೂ ಆಗಬಹುದು.

ಹೆಜ್ಜೆ 6: ಮಗು ಬಂದಾಗ ಅಪ್ಪನ ರಜೆಯನ್ನು ಯೋಚಿಸಿ ಇಡಿ

ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ತಾಯಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಅದರಲ್ಲಿ ಎಂಟು ವಾರದ ತನಕ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಆಫೀಸಿನಲ್ಲಿ ಕೇಳಿ, ಕೇಳಲು ಸಂಕೋಚ ಬೇಡ. ಅಪ್ಪಂದಿರಿಗೆ? ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ. ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ, ಕಂಪನಿ ಕೊಟ್ಟಷ್ಟು.

ಇದರಿಂದ ಆಗುವುದೇನು ಅಂದರೆ, ಆರು ತಿಂಗಳಲ್ಲಿ ಮಗುವಿನ ಅಳುವಿನಲ್ಲಿ ಹಸಿವು ಯಾವುದು, ಹೊಟ್ಟೆನೋವು ಯಾವುದು ಅಂತ ಅಮ್ಮನಿಗೆ ಗೊತ್ತಾಗಿರುತ್ತದೆ. ಅಪ್ಪನಿಗೆ ಗೊತ್ತಿರುವುದಿಲ್ಲ. ಆಮೇಲೆ "ನಿನಗೇ ಗೊತ್ತಲ್ಲ, ನೀನೇ ನೋಡ್ಕೋ" ಅನ್ನುವುದು ಹದಿನೆಂಟು ವರ್ಷ ಎಳೆಯುತ್ತದೆ. ಇದನ್ನು ತಪ್ಪಿಸಲು ನಾನು ಹೇಳುವುದು ಇಷ್ಟು: ಅಪ್ಪನ ರಜೆಯನ್ನೆಲ್ಲ ಆಸ್ಪತ್ರೆಯ ವಾರದಲ್ಲೇ ಮುಗಿಸಬೇಡಿ. ಆಗ ಮನೆತುಂಬ ಅಜ್ಜಿಯರು ಇರುತ್ತಾರೆ, ಅಪ್ಪನಿಗೆ ಕಾಫಿ ತಂದುಕೊಡುವವರೂ ಇರುತ್ತಾರೆ! ಒಂದಷ್ಟು ದಿನವನ್ನು ಅಮ್ಮ ಕೆಲಸಕ್ಕೆ ಮರಳುವ ವಾರಕ್ಕೆ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರಿ ನೌಕರರು ಆ 15 ದಿನವನ್ನು ಮಗು ಹುಟ್ಟಿದ ಆರು ತಿಂಗಳೊಳಗೆ ಬಳಸಬಹುದು. ಕಂಪನಿಗಳಲ್ಲಿ ನಿಯಮ ಬೇರೆ ಬೇರೆ, ಎಚ್‌ಆರ್ ಹತ್ತಿರ ವಿಚಾರಿಸಿ, ಆಗದಿದ್ದರೆ ಗಳಿಕೆ ರಜೆ ಕೂಡಿಡಿ. ಆ ವಾರ ಮನೆಯಲ್ಲಿ ಅಪ್ಪ ಮತ್ತು ಮಗು ಇಬ್ಬರೇ ಇರಬೇಕು. ಅಜ್ಜಿಗೂ ಒಂದು ವಾರ ಊರಿಗೆ ಟಿಕೆಟ್ ಮಾಡಿಸಿ. ಒಂದು ಮಧ್ಯಾಹ್ನ ಮಗು ಎರಡು ಗಂಟೆ ಅತ್ತು, ಅಪ್ಪ ತಾನೇ ಸಮಾಧಾನ ಮಾಡಿ ಮಲಗಿಸಿದರೆ, ಅಲ್ಲಿಂದ ಮುಂದೆ ಅವನು ಯಾರನ್ನೂ ಕೇಳುವುದಿಲ್ಲ.

ಮಗು ದೊಡ್ಡದಾದ ಮೇಲೆ ಜ್ವರದ ದಿನಗಳು ಬರುತ್ತವೆ. ಶಾಲೆಯಿಂದ ಫೋನ್ ಬಂದರೆ ಯಾರು ಹೋಗುವುದು? ಸೋಮ, ಬುಧ, ಶುಕ್ರ ಒಬ್ಬರು, ಮಂಗಳ, ಗುರು ಇನ್ನೊಬ್ಬರು ಅಂತ ಗೊತ್ತು ಮಾಡಿ, ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳಿ.

ಹೆಜ್ಜೆ 7: ಯಾರ ನೌಕರಿಗಾಗಿ ಯಾರು ಜಾಗ ಬಿಡುವುದು

ಬಾಡಿಗೆ ಮನೆ ಹುಡುಕುವಾಗಲೇ ಇದು ಶುರುವಾಗುತ್ತದೆ. ಅವನ ಆಫೀಸು ವೈಟ್‌ಫೀಲ್ಡ್, ಅವಳದು ರಾಜಾಜಿನಗರ. ಮನೆ ಎಲ್ಲಿ? ಒಬ್ಬರಿಗೆ ದಿನಕ್ಕೆ ಮೂರು ಗಂಟೆ ಓಡಾಟ, ಇನ್ನೊಬ್ಬರಿಗೆ ಇಪ್ಪತ್ತು ನಿಮಿಷ ಅಂದರೆ, ಹತ್ತಿರ ಇರುವವರು ಸಂಜೆಯ ಕೆಲಸ ಪೂರ್ತಿ ತೆಗೆದುಕೊಳ್ಳಬೇಕು. ಹತ್ತಿರ ಇರುವುದು ಹೆಂಡತಿಯಾದರೆ ಇದು ತಾನಾಗೇ ಆಗುತ್ತದೆ, ಗಂಡನಾದರೆ ಬಾಯಿಬಿಟ್ಟು ಮಾತಾಡಬೇಕಾಗುತ್ತದೆ.

ವರ್ಗಾವಣೆಯದು ಇನ್ನೂ ದೊಡ್ಡ ವಿಷಯ. ಬ್ಯಾಂಕಿನವರಿಗೆ, ಸರ್ಕಾರಿ ನೌಕರರಿಗೆ ಇದು ಗೊತ್ತು. ಶಿಕ್ಷಕರ ವರ್ಗಾವಣೆಯಲ್ಲಿ ಗಂಡ-ಹೆಂಡತಿ ಒಂದೇ ಕಡೆ ಬರಲು ಪತಿ-ಪತ್ನಿ ಪ್ರಕರಣ ಅಂತಲೇ ಒಂದು ದಾರಿ ಇದೆ, ಅರ್ಹತೆ ಇದ್ದರೆ ಅರ್ಜಿ ಹಾಕಲು ಉದಾಸೀನ ಬೇಡ. ವಿದೇಶಕ್ಕೆ ಹೋಗುವವರು ವೀಸಾದ ನಿಯಮವನ್ನು ಟಿಕೆಟ್‌ಗಿಂತ ಮೊದಲು ಓದಿ. ಅಮೆರಿಕಕ್ಕೆ ಎಚ್-4 ವೀಸಾದಲ್ಲಿ (ಕೆಲಸದ ವೀಸಾ ಇರುವವರ ಗಂಡ ಅಥವಾ ಹೆಂಡತಿಗೆ ಕೊಡುವುದು) ಹೋದವರು ಸುಮ್ಮನೆ ಕೆಲಸಕ್ಕೆ ಸೇರುವಂತಿಲ್ಲ. ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗೆ ಮಾತ್ರ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ಇಲ್ಲಿ ಟೀಮ್ ಲೀಡ್ ಆಗಿದ್ದವರು ಅಲ್ಲಿ ವರ್ಷಗಟ್ಟಲೆ ಮನೆಯಲ್ಲಿ ಕೂರುವುದನ್ನು ಎಷ್ಟೋ ಕನ್ನಡದ ಮನೆಗಳು ನೋಡಿವೆ.

ಸರದಿ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ಈ ಮೂರು ವರ್ಷ ನಿನ್ನ ಪ್ರಾಜೆಕ್ಟಿಗಾಗಿ ನಾನು ಸ್ವಲ್ಪ ಹಗುರ ಕೆಲಸ ಮಾಡುತ್ತೇನೆ, ಮುಂದಿನ ಮೂರು ವರ್ಷ ನನ್ನ ಪರೀಕ್ಷೆಗೋ ಪ್ರಮೋಷನ್‌ಗೋ ನೀನು. ಇದನ್ನು ದಿನಾಂಕ ಹಾಕಿ ಬರೆದಿಡಿ. ಬರೆಯದೇ ಇದ್ದರೆ ಮೊದಲ ಸರದಿ ಮುಗಿಯುವುದೇ ಇಲ್ಲ.

ಹೆಜ್ಜೆ 8: ಹಿರಿಯರು, ಹಬ್ಬ

ಇಬ್ಬರೂ ಒಪ್ಪಿದ್ದನ್ನು ಅತ್ತೆ-ಮಾವ ಊರಿಂದ ಬಂದ ಹದಿನೈದು ದಿನ ಮುಚ್ಚಿಡುವ ಮನೆಗಳಿವೆ. ಅಮ್ಮನ ಎದುರು ಮಗ ಪಾತ್ರೆ ತೊಳೆಯಬಾರದು, ಆ ಹದಿನೈದು ದಿನ ಎಲ್ಲ ಅವಳದೇ. ಹಾಗೆ ಮಾಡಬೇಡಿ. ಅವರವರ ಅಪ್ಪ-ಅಮ್ಮನಿಗೆ ಅವರವರೇ ಹೇಳಬೇಕು. "ಅಮ್ಮಾ, ರಾತ್ರಿ ಅಡುಗೆ ನಂದು, ನಿನಗೆ ಏನು ಬೇಕು ಹೇಳು" ಅಂತ ಮಗ ಹೇಳಿದರೆ ಅತ್ತೆ ಎರಡು ದಿನ ಮುಖ ಊದಿಸಿಕೊಂಡು ಮೂರನೇ ದಿನ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ. ಅದೇ ಮಾತನ್ನು ಸೊಸೆ ಹೇಳಿದರೆ ನೆಂಟರ ಮನೆಗಳಿಗೆಲ್ಲ ಸುದ್ದಿ.

ಹಬ್ಬಕ್ಕೂ ಹೆಜ್ಜೆ 2ರ ನೋಟ್‌ಬುಕ್ ತೆಗೆಯಿರಿ. ವರಮಹಾಲಕ್ಷ್ಮಿ ಯಾವಾಗಲೂ ಶುಕ್ರವಾರವೇ ಬರುತ್ತದೆ, ಎಷ್ಟೋ ಆಫೀಸುಗಳಿಗೆ ರಜೆ ಇರುವುದಿಲ್ಲ. ಹಿಂದಿನ ರಾತ್ರಿ ಮಾರುಕಟ್ಟೆಗೆ ಹೋಗಿ ಹೂವು, ಬಾಳೆಕಂದು ತರುವುದು, ಮನೆ ಒರೆಸುವುದು, ಅರಿಶಿನ ಕುಂಕುಮಕ್ಕೆ ಬಂದವರಿಗೆ ಕಾಫಿ ಕೊಡುವುದು, ಕೊನೆಯಲ್ಲಿ ದೊಡ್ಡ ಪಾತ್ರೆಗಳನ್ನು ಉಜ್ಜುವುದು, ಇವುಗಳಿಗೆ ಯಾವ ಮಡಿಯೂ ಅಡ್ಡ ಬರುವುದಿಲ್ಲ. ಒಬ್ಬಟ್ಟು, ಚಕ್ಕುಲಿ ಅಂಗಡಿಯಿಂದ ಬರಲಿ.

ಹೆಜ್ಜೆ 9: ವಾರಕ್ಕೊಮ್ಮೆ ಇಪ್ಪತ್ತು ನಿಮಿಷ

ಶನಿವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಕೂತು ಮಾತಾಡಿ. ರಾತ್ರಿ ಬೇಡ, ಮಗುವಿನ ಎದುರು ಬೇಡ. ಮುಂದಿನ ವಾರ ಯಾರಿಗೆ ತಡವಾಗುವ ದಿನ ಯಾವುದು, ಯಾವ ಕೆಲಸ ಕೈ ತಪ್ಪುತ್ತಿದೆ, ಯಾರಿಗೆ ಬಿಡುವು ಕಡಿಮೆಯಾಯಿತು. ಅಷ್ಟೇ. ಹಳೆಯ ಲೆಕ್ಕ ತೆಗೆಯುವಂತಿಲ್ಲ. ಹೊಸ ನೌಕರಿ, ಹೊಸ ಶಾಲೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆ, ಏನೇ ಬದಲಾದರೂ ಹೆಜ್ಜೆ 1ರ ಒಂದು ವಾರದ ಬರಹವನ್ನು ಮತ್ತೆ ಮಾಡಿ.

ಎಷ್ಟು ಸಲ ಕೂತರೂ ಮಾತು ಜಗಳವಾಗೇ ಮುಗಿಯುತ್ತಿದ್ದರೆ ಆಪ್ತಸಲಹೆಗಾರರ ಹತ್ತಿರ ಹೋಗುವುದರಲ್ಲಿ ಅವಮಾನ ಏನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ವಿಭಾಗವಿದೆ. ಇನ್ನು ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಹೊಡೆಯುವುದು ಇದ್ದರೆ ಅದು ಕೆಲಸ ಹಂಚಿಕೆಯ ಪ್ರಶ್ನೆಯೇ ಅಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಎಲ್ಲಿಂದ ಶುರು ಮಾಡುವುದು ಅಂತ ಗೊಂದಲವಿದ್ದರೆ, ಬರೆದಿಡುವ ವಾರ ಮುಗಿದ ಮೇಲೆ ಮೊದಲ ತಿಂಗಳು ಎರಡೇ ಕೆಲಸ ಪೂರ್ತಿ ಕೈ ಬದಲಾಗಲಿ. ಒಂದು ದಿನಾ ಬರುವಂಥದ್ದು, ಬೆಳಗಿನ ಡಬ್ಬಿಯಂತೆ. ಇನ್ನೊಂದು ತಲೆಯಲ್ಲಿ ಕೂರುವಂಥದ್ದು, ಶಾಲೆಯ ವಾಟ್ಸ್ಆ್ಯಪ್ ಗುಂಪಿನಂತೆ. ಮೊದಲ ಹತ್ತು ದಿನ ಡಬ್ಬಿಗೆ ಚಿತ್ರಾನ್ನವೇ ಹೋಗಬಹುದು. ಹೋಗಲಿ, ಹನ್ನೊಂದನೇ ದಿನ ಮಗುವೇ ಬೇರೆ ಏನಾದರೂ ಕೇಳುತ್ತದೆ. ಕೇಳುವುದು ಅಪ್ಪನನ್ನೇ.